ಪುಂಡಿಯೂ ಭಂಗಿಯೂ

ನಮ್ಮ ಉಗಾರ ಖುರ್ದದ ಕಡೆ ಜೋಳದ ರೊಟ್ಟಿಗೆ ಪುಂಡಿಪಲ್ಯ ಒದಗಿದ ದಿನ ಬೇರೆ ಮೇಲೋಗರದ ಮಾತೇ ಏಳುವುದಿಲ್ಲ. ಅದೇ ಪುಂಡಿಯ ನಾರಿನಿಂದ ಹಿಂದಿನವರು ಹಗ್ಗ ಹೊಸೆಯುತ್ತಿದ್ದರು. ಆ ನಾರನ್ನು ಕಂಡ ಇಂಗ್ಲಿಷರು ಅದಕ್ಕೆ ‘ಡೆಕ್ಕನ್ ಹೆಂಪ್’ ಎಂದರು. ಸಣಬಿಗೆ ‘ಸನ್ ಹೆಂಪ್’ ಎಂದರು. ಭಂಗಿಯ ಗಿಡಕ್ಕೆ ‘ಇಂಡಿಯನ್ ಹೆಂಪ್’ ಎಂದರು. ಪುಂಡಿ ಬೆಂಡೆಯ ನಂಟ, ಸಣಬು ಹುರುಳಿಯ ನಂಟ, ಭಂಗಿಯ ಮನೆತನವೇ ಬೇರೆ. ನಾರೊಂದನ್ನೇ ನೋಡಿ ನಾಮಕರಣ ಮಾಡಿದವರಿಗೆ ಮೂರೂ ಒಂದೇ. ಕನ್ನಡ ಮಾತ್ರ ಊಟದ ಸೊಪ್ಪನ್ನೂ ಅಮಲಿನ ಸೊಪ್ಪನ್ನೂ ಒಂದೇ ಹೆಸರಿನಲ್ಲಿ ಕಟ್ಟಲಿಲ್ಲ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನ ಅಭಿಮಾನ ಇದೆಂದು ನೀವು ನಗಬಹುದು. ಆದರೆ ಕಾನೂನೂ ಹೆಸರಿನ ಮೇಲೆಯೇ ನಿಂತಿದೆಯಲ್ಲವೆ? 1985ರ ಮಾದಕವಸ್ತು ಕಾಯ್ದೆಯ ಪ್ರಕಾರ ಈ ಗಿಡದ ಹೂತೆನೆ ಗಾಂಜಾ, ಅಂಟು ಚರಸ್. ತೆನೆಯಿಂದ ಬೇರೆಯಾದ ಎಲೆ, ಬೀಜಗಳು ಆ ವ್ಯಾಖ್ಯೆಯ ಹೊರಗೆ. ಎಲೆಯ ಹತೋಟಿ ರಾಜ್ಯಗಳಿಗೆ ಬಿಟ್ಟದ್ದು. 2022ರಲ್ಲಿ ನಮ್ಮ ಹೈಕೋರ್ಟು ಜಾಮೀನಿನ ಆದೇಶವೊಂದರಲ್ಲಿ ಇದೇ ಭೇದವನ್ನು ಎತ್ತಿ ಹೇಳಿತು. ಅದರ ಹಿಂದಿನ ವರ್ಷವೇ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜವನ್ನೂ ಅದರ ಎಣ್ಣೆ, ಹಿಟ್ಟುಗಳನ್ನೂ ಆಹಾರವೆಂದು ಒಪ್ಪಿ, ಅಮಲಿನ ಅಂಶಕ್ಕೆ ಮಿತಿ ಹಾಕಿತ್ತು. ಹೀಗೆ ಒಂದೇ ಗಿಡದ ಬೀಜ ಅಂಗಡಿಗೆ, ಎಲೆ ವೈದ್ಯನ ಮನೆಗೆ, ಹೂವು ಪೋಲೀಸು ಠಾಣೆಗೆ ಹೋಗುತ್ತದೆ. ಇದರಲ್ಲಿ ವಿವೇಕವಿಲ್ಲವೆಂದು ನಾನು ಹೇಳಲಾರೆ. 1894ರಲ್ಲಿ ವರದಿ ಕೊಟ್ಟ ಆಯೋಗವೂ ಪೂರ್ಣ ನಿಷೇಧ ಬೇಡ, ಹತೋಟಿ ಸಾಕು ಎಂದಿತ್ತು.

ಆದರೆ ಹತೋಟಿಯೆಂಬುದು ಕಡೆಗೆ ಸೀಸೆಯ ಮೇಲಿನ ಚೀಟಿಗೆ ಬಂದು ನಿಲ್ಲುತ್ತದೆ. ಕಳೆದ ವರ್ಷ ನಮ್ಮ ದೊಡ್ಡವ್ವನ ಮೊಣಕಾಲ ನೋವಿಗೆಂದು ಬಂಧುವೊಬ್ಬ ಪಟ್ಟಣದಿಂದ ಗುಳಿಗೆ ತಂದುಕೊಟ್ಟ. ಅದರಲ್ಲಿ ‘ವಿಜಯಾ’ ಇದೆಯೆಂದ. ಭಂಗಿಗೆ ಆಯುರ್ವೇದದಲ್ಲಿರುವ ಹೆಸರು ಅದು. ಮುದುಕಿಗೆ ಹೇಗೆ ತಿಳಿಯಬೇಕು? “ದೇವೀ ಹೆಸರ ಐತಿ, ಏನಾಗತೈತಿ ಬಿಡೋ” ಎಂದು ಒಂದರ ಜಾಗದಲ್ಲಿ ಎರಡು ನುಂಗಿದಳು. ರಕ್ತದೊತ್ತಡದ ಮಾತ್ರೆ ಬೇರೆ ನಡೆದಿತ್ತು. ಒಂದು ಹಗಲೂ ಒಂದು ರಾತ್ರಿಯೂ ತಲೆ ಎತ್ತಲಿಲ್ಲ. ನಾವು ಸರದಿಯಂತೆ ಅವಳ ನಾಡಿ ಹಿಡಿದು ಕುಳಿತೆವು.

ಚೀಟಿಯ ಮೇಲೆ ಎಚ್ಚರಿಕೆ ಇರಲಿಲ್ಲವೆ? ಇತ್ತು. 1945ರ ಔಷಧ ನಿಯಮಗಳು ಭಂಗಿಯ ಎಲೆಯನ್ನು ದತ್ತೂರಿ, ವತ್ಸನಾಭಿಗಳ ಸಾಲಿನಲ್ಲಿ ವಿಷದ್ರವ್ಯವೆಂದು ಎಣಿಸುತ್ತವೆ. ವೈದ್ಯರ ನಿಗಾದಲ್ಲಿಯೇ ಸೇವಿಸತಕ್ಕದ್ದೆಂದು ಎದ್ದುಕಾಣುವಂತೆ ಬರೆಯಬೇಕೆನ್ನುತ್ತವೆ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ನಮ್ಮದು ಗಡಿಯ ಊರು. ಮರಾಠಿ ಕಲಿತ ನೆರೆಮನೆಯಾಕೆ ಆ ಹಿಂದಿಯನ್ನು ಹೇಗೋ ಕೂಡಿಸಿಕೊಂಡು ಓದಬಲ್ಲಳು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ ದೊಡ್ಡವ್ವನಿಗೆ ಅದು ಬರಿಯ ಗೆರೆ.

ಸರಕಾರ ಗಿಡದ ಎಲೆ, ಹೂ, ಬೀಜಗಳನ್ನು ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿದೆ. ಕನ್ನಡ ನಾಡಿನಲ್ಲಿ ಮಾರುವ ಸೀಸೆಯ ಮೇಲೆ ಕನ್ನಡದ ಒಂದು ಸಾಲನ್ನೂ, ‘ಭಂಗಿಯ ಎಲೆ’ ಎಂಬ ಎರಡು ಶಬ್ದಗಳನ್ನೂ ಕಡ್ಡಾಯ ಮಾಡುವುದು ಅದಕ್ಕಿಂತ ಕಷ್ಟವೆ? ವಿಜಯಾ ಎಂದರೆ ಕೈಮುಗಿಯುವ ನಮ್ಮ ಜನ ಭಂಗಿ ಎಂದರೆ ಒಂದು ಗಳಿಗೆ ತಡೆದು, ಬಲ್ಲವರನ್ನು ಕೇಳುತ್ತಾರೆ. ಎಷ್ಟೋ ಸಲ ಜೀವ ಉಳಿಸುವುದು ಆ ಒಂದು ಗಳಿಗೆಯೇ.