ಟಿಕೆಟ್ಟಿಲ್ಲದ ಸಂಜೆ, ಊರಿಗೆ ಮರಳಿದ ಸ್ವರ

ಜಾನ್ ಫೀಲ್ಡ್ ಹುಟ್ಟಿದ್ದು 1782ರಲ್ಲಿ, ಡಬ್ಲಿನ್‌ನಲ್ಲಿ, ಮಣ್ಣಾದದ್ದು ಮಾಸ್ಕೋದಲ್ಲಿ. ಪಿಯಾನೋಗೆ ನಾಕ್ಟರ್ನ್ ಎಂಬ ಇರುಳ ರಚನೆಯನ್ನು ಕೊಟ್ಟವರು ಅವರು. ಅದನ್ನು ಮನೆಮನೆಗೆ ಮುಟ್ಟಿಸಿದ ಹೆಸರು ಮಾತ್ರ ಶೋಪಾನ್‌ರದಾಯಿತು. ಡಬ್ಲಿನ್ನಿನವರೇ ಆದ ಸಂಯೋಜಕ ಸ್ಟ್ಯಾನ್‌ಫರ್ಡ್ ಕೇಂಬ್ರಿಡ್ಜ್ ಮತ್ತು ಲಂಡನ್‌ನಲ್ಲಿ ಪಾಠ ಹೇಳಿದರು. ಇನ್ನೊಬ್ಬ ಐರಿಷ್ ಸಂಯೋಜಕ ಹ್ಯಾಮಿಲ್ಟನ್ ಹಾರ್ಟಿ ಮ್ಯಾಂಚೆಸ್ಟರ್‌ನ ಹ್ಯಾಲೆ ವಾದ್ಯವೃಂದವನ್ನು ನಡೆಸಿದರು.

ಐರ್ಲೆಂಡಿನ ಶಾಸ್ತ್ರೀಯ ಸಂಗೀತ ಹೀಗೆ ಬಹುಪಾಲು ಪರಸ್ಥಳದಲ್ಲೇ ಬೆಳೆಯಿತು. ಪಬ್ಬಿನ ಪಿಟೀಲು ಊರಿನಲ್ಲಿ ಉಳಿಯಿತು. ಅದೇನೂ ಸಣ್ಣ ಆಸ್ತಿಯಲ್ಲ. ಆದರೆ ಫೀಲ್ಡ್, ಹಾರ್ಟಿಯರನ್ನು ಕೇಳಬೇಕೆಂದರೆ ಡಬ್ಲಿನ್ನಿನವರಿಗೂ ಗ್ರಾಮಫೋನ್ ತಟ್ಟೆಯೇ ಬಹುಕಾಲ ಗತಿಯಾಗಿತ್ತು.

ಆದ್ದರಿಂದಲೇ ಯಾರು ಬೇಕಾದರೂ ಒಳಗೆ ಬಂದು ಕೂರಬಹುದಾದ ಸಂಜೆಗಳಿಗೆ ಇಲ್ಲಿ ಬೆಲೆ ಹೆಚ್ಚು. ಸೆಪ್ಟೆಂಬರಿನ ಒಂದು ಶುಕ್ರವಾರ ಬರುವ 'ಕಲ್ಚರ್ ನೈಟ್' ಡಬ್ಲಿನ್‌ನಲ್ಲಿ 2006ರಲ್ಲಿ ಶುರುವಾಯಿತು; ಪ್ರವೇಶಕ್ಕೆ ದುಡ್ಡಿಲ್ಲ. 1742ರಲ್ಲಿ ಇದೇ ಊರಿನ ಫಿಶಾಂಬಲ್ ಬೀದಿಯಲ್ಲಿ ಹ್ಯಾಂಡೆಲ್‌ರ 'ಮೆಸಾಯ' ಮೊದಲು ಕೇಳಿಸಿದಾಗ, ಬಂದ ಹಣದ ಒಂದು ಪಾಲು ಸಾಲಕ್ಕೆ ಸಿಕ್ಕಿ ಸೆರೆಯಾದವರ ಬಿಡುಗಡೆಗೆ ಹೋಯಿತು. ಬಡವರಿಗೆ ಅಂದು ಸಂಗೀತದ ಹಣ ದಕ್ಕಿತು, ಸಂಗೀತ ದಕ್ಕಲಿಲ್ಲ. ಬಾಗಿಲು ತೆರೆದಿಟ್ಟ ಸಂಜೆ ಆ ಅರ್ಧ ಕೆಲಸವನ್ನು ಪೂರ್ತಿ ಮಾಡುತ್ತದೆ.

ಅಂಥ ಸಂಜೆಯಲ್ಲಿ ರೆಕಾರ್ಡು ಕೇಳಿಸುವುದಾದರೆ, ಅದರ ಪಕ್ಕದಲ್ಲಿ ಕೂರಿಸಲು ಚೆಲ್ಲೊಗಿಂತ ತಕ್ಕ ವಾದ್ಯ ಸಿಗಲಾರದು. ಗಂಡಸಿನ ಮಂದ್ರದಿಂದ ಹೆಂಗಸಿನ ತಾರದವರೆಗೆ ಅದರ ನಾಲ್ಕು ತಂತಿಗಳು ಓಡಾಡುತ್ತವೆ. ವಾದ್ಯದ ಬುಡದ ಲೋಹದ ಕಡ್ಡಿ ಮರದ ನೆಲಕ್ಕೆ ಊರಿ ನಿಂತಿರುವುದರಿಂದ, ಮುಂದಿನ ಸಾಲಿನವರಿಗೆ ಮಂದ್ರ ಸ್ವರ ಪಾದದಿಂದಲೂ ಏರಿ ಬರುತ್ತದೆ. ಆಮೇಲೆ ಮುಳ್ಳು ತಟ್ಟೆಯ ಮೇಲೆ ಇಳಿದಾಗ ಕಿವಿ ಬೇರೆಯಾಗಿರುತ್ತದೆ: ಕಮಾನಿನ ಎಳೆತ, ಬೆರಳು ಜಾರುವ ಸದ್ದು, ಎಲ್ಲವೂ ಗುರುತಿಗೆ ಸಿಗುತ್ತವೆ.

ಕೇಳಿಸಲೇಬೇಕಾದ ತಟ್ಟೆಯೊಂದಿದೆ. ಐರಿಷ್ ತಂದೆಯ ಮಗ ಇ. ಜೆ. ಮೊರಾನ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಕೆರಿ ಕೌಂಟಿಯ ಕೆನ್‌ಮೇರ್‌ಗೆ ಮನಸೋತವರು. ಚೆಲ್ಲೊ ವಾದಕಿ ಪೀರ್ಸ್ ಕೋಟ್‌ಮೋರ್ ಅವರನ್ನು ಮದುವೆಯಾದ 1945ರಲ್ಲೇ ಅವರಿಗಾಗಿ ಕನ್ಸರ್ಟೊ ಬರೆದರು. ಅದರ ಮೊದಲ ಕಛೇರಿ ಡಬ್ಲಿನ್‌ನಲ್ಲೇ ನಡೆಯಿತು. 1950ರಲ್ಲಿ ಮೊರಾನ್ ಕೆನ್‌ಮೇರ್‌ನಲ್ಲಿ ತೀರಿಕೊಂಡರು. ಎಷ್ಟೋ ವರ್ಷಗಳ ಮೇಲೆ ಕೋಟ್‌ಮೋರ್ ಆ ಕನ್ಸರ್ಟೊವನ್ನು ಏಡ್ರಿಯನ್ ಬೋಲ್ಟ್‌ರ ನಿರ್ದೇಶನದಲ್ಲಿ ಲಿರೀಟಾ ಕಂಪನಿಗೆ ನುಡಿಸಿಕೊಟ್ಟರು. ತನಗೆಂದೇ ಹುಟ್ಟಿದ ಸಂಗೀತವನ್ನು, ಕೊಟ್ಟವನು ಇಲ್ಲದ ಕಾಲದಲ್ಲಿ ನುಡಿಸುವುದು! ಅದನ್ನು ತಿಳಿದು ಕೇಳುವುದೇ ಬೇರೆ.

ಊರು ಬಿಡದವರ ಪಾಡೇನು? ಸಂಯೋಜಕಿ ಐನಾ ಬೊಯ್ಲ್ (1889–1967) ಡಬ್ಲಿನ್‌ಗೆ ಹತ್ತಿರದ ಎನಿಸ್ಕೆರಿಯಲ್ಲೇ ಬಾಳಿದರು. ವಾನ್ ವಿಲಿಯಮ್ಸ್ ಅವರಲ್ಲಿ ಕಲಿಯಲು ಸಮುದ್ರ ದಾಟಿ ಲಂಡನ್‌ಗೆ ಹೋಗಿಬರುತ್ತಿದ್ದರು. ಬೊಯ್ಲ್ ಅವರ ರಚನೆಗಳ ಬಹುಭಾಗ ಹಸ್ತಪ್ರತಿಯಾಗಿಯೇ ಉಳಿದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯ ಸೇರಿತು. ಚೆಲ್ಲೊ ಮತ್ತು ವಾದ್ಯವೃಂದಕ್ಕಾಗಿ ಬರೆದ ರಚನೆಯೊಂದರ ಧ್ವನಿಮುದ್ರಣ ಹೊರಬಂದದ್ದು 2018ರಲ್ಲಿ. ಮಾಸ್ಕೋಗೆ ಹೋದ ಫೀಲ್ಡ್‌ಗಾದರೂ ಬದುಕಿದ್ದಾಗಲೇ ಕೀರ್ತಿ ಸಿಕ್ಕಿತ್ತು. ಗುಡ್ಡದಾಚೆಯ ಈ ಹೆಣ್ಣುಮಗಳಿಗೆ ನೆರೆಯ ಊರಿನ ಕಿವಿಯೂ ಹೆಚ್ಚಾಗಿ ಸಿಗಲಿಲ್ಲ. ಮುಂದಿನ ಸಂಜೆ ಯಾರೇ ತಟ್ಟೆ ಆರಿಸಲಿ, ಮೊದಲು ಹಾಕಬೇಕಾದದ್ದು ಅವರದೇ.