ಅಪ್ಪನ ಎಡಗಾಲು, ನನ್ನ ಜಿಟಿ ಕಾರು

"ಲೇಡೀಸ್‌ಗೆ ಆಟೋಮ್ಯಾಟಿಕ್ಕೇ ಸರಿ ಮೇಡಂ. ಹೇಳಿ ಮಾಡಿಸಿದಂಗೆ ಇರತ್ತೆ."

ತುಮಕೂರಿನ ಹಳೇ ಕಾರಿನ ಬ್ರೋಕರ್ ಒಬ್ಬರು ಹೀಗಂದ ಕೂಡಲೇ ನಾನು ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟೆ. ತಗೊಂಡರೆ ಮ್ಯಾನ್ಯುಯಲ್ ಗಾಡಿಯನ್ನೇ ತಗೋಬೇಕು. ಕ್ಲಚ್ಚು, ಗೇರು ಎಲ್ಲ ಇರಬೇಕು. ಆಟೋಮ್ಯಾಟಿಕ್ ತಗೊಂಡರೆ ಈ ಮಾತು ನಿಜ ಅಂತ ನಾನೇ ಸಹಿ ಹಾಕಿಕೊಟ್ಟಂತೆ.

ಅಷ್ಟು ಹಟ ಯಾಕೆ ಅಂತ ಹೇಳಬೇಕಂದರೆ ನಮ್ಮ ಮನೆ ವಿಷಯ ಹೇಳಬೇಕು. ನಮ್ಮದು ಉಪ್ಪಾರಹಳ್ಳಿ. ಅಪ್ಪ 31 ವರ್ಷ ಲಾರಿ ಓಡಿಸಿದವನು. ತಿಪಟೂರಿನ ಕೊಬ್ಬರಿ, ಗುಬ್ಬಿ ಕಡೆಯ ಅಡಿಕೆ, ಒಮ್ಮೊಮ್ಮೆ ಸಿಮೆಂಟು. ಶುರುವಿನಲ್ಲಿ ಓಡಿಸಿದ್ದು ಹಳೇ ಟಾಟಾ 1210. ಅದರಲ್ಲಿ ಗೇರ್ ಬದಲಿಸುವಾಗ ಒಂದು ಸಲ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರಬೇಕಿತ್ತಂತೆ, ಆಮೇಲೆ ಮತ್ತೆ ಒತ್ತಿ ಮುಂದಿನ ಗೇರ್ ಹಾಕಬೇಕಿತ್ತಂತೆ. ಒಂದು ಗೇರಿಗೆ ಎರಡು ಒತ್ತು. ಲೆಕ್ಕ ತಪ್ಪಿದರೆ ಗೇರ್ ಬಾಕ್ಸ್ ಕರ್ರ್ ಅಂತ ಬಯ್ಯುತ್ತಿತ್ತು.

ನನಗೆ ಗಾಡಿ ಕಲಿಸಿದ್ದೂ ಅಪ್ಪನೇ. ಪಕ್ಕದ ಮನೆಯವರ ಓಮ್ನಿ ಕೇಳಿ ತಂದು, ಉಪ್ಪಾರಹಳ್ಳಿ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ, "ಹಿಂದಕ್ಕೆ ಒಂದು ಗೇಣೂ ಹೋಗ್ಬಾರ್ದು, ಎತ್ತು" ಅನ್ನುತ್ತಿದ್ದ. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು ಎಂಜಿನ್ ದನಿ ಬದಲಾಗುವುದನ್ನು ಕಾಲಲ್ಲೇ ಕೇಳಿಸಿಕೊಳ್ಳುವುದು ನಾನು ಕಲಿತದ್ದು ಅಲ್ಲೇ. ನಮ್ಮ ಬೀದಿಯಲ್ಲಿ ಕಾರು ಓಡಿಸುವ ಮೊದಲ ಹುಡುಗಿ ನಾನು. ಆ ಹೆಮ್ಮೆ ಇನ್ನೂ ಇಳಿದಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಎಡ ಮಂಡಿ ಕೈಕೊಟ್ಟಿತು. ಕ್ಲಚ್ ಒತ್ತಿ ಒತ್ತಿ ಸವೆದಿದ್ದು ಅಂತ ಅಪ್ಪ ಹೇಳುತ್ತಾನೆ. ವಯಸ್ಸು, ತೂಕ ಎಲ್ಲ ಸೇರಿದೆ ಅಂತ ಡಾಕ್ಟರ್ ಹೇಳಿದರು. ಯಾವುದೇ ಆಗಲಿ, ಲಾರಿ ಬಿಟ್ಟ. ಡ್ರೈವರ್ ಆಗಿದ್ದವನು ಬೀದಿ ತುದಿಯ ಟೀ ಅಂಗಡಿಯಲ್ಲಿ ಕೂತು ಬೇರೆಯವರ ಗಾಡಿ ನೋಡತೊಡಗಿದ.

ನಾನು ಐದು ವರ್ಷದ ಉಳಿತಾಯ, ಒಂದು ಚೀಟಿ ದುಡ್ಡು ಸೇರಿಸಿ ಐದೂವರೆ ಲಕ್ಷ ಹೊಂದಿಸಿಕೊಂಡಿದ್ದೆ. ಆಸೆ ಇದ್ದದ್ದು ಒಂದೇ ಕಾರಿನ ಮೇಲೆ: ಫೋಕ್ಸ್‌ವ್ಯಾಗನ್ ಪೋಲೋ ಜಿಟಿ. ಪೋರ್ಷೆ, ಫೆರಾರಿಯಂಥ ನಿಜವಾದ ಸ್ಪೋರ್ಟ್ಸ್ ಕಾರು ನಮ್ಮ ಬೀದಿಯ ಹಂಪ್ ದಾಟುವಷ್ಟರಲ್ಲಿ ಹೊಟ್ಟೆ ಕೆರೆದುಕೊಳ್ಳುತ್ತದೆ. ನಮ್ಮಂಥವರ ಕೈಗೆಟುಕುವ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಚಿಕ್ಕ ಮೈ, ಜೋರು ಎಂಜಿನ್. 2022ರಲ್ಲಿ ಪೋಲೋ ನಮ್ಮ ದೇಶದಲ್ಲಿ ನಿಂತೇ ಹೋಯಿತು. ಈಗ ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ.

ಇಲ್ಲೊಂದು ತಮಾಷೆ ಇದೆ. 2013ರಲ್ಲಿ ಜಿಟಿ ಹೆಸರಿನಲ್ಲಿ ಎರಡು ಪೋಲೋ ಬಂದವು. ಒಂದು 1.2 ಲೀಟರ್ ಪೆಟ್ರೋಲ್ ಟಿಎಸ್‌ಐ, ಅದು ಬರೀ ಆಟೋಮ್ಯಾಟಿಕ್, ಏಳು ಗೇರಿನ ಡಿಎಸ್‌ಜಿ. ಇನ್ನೊಂದು 1.6 ಲೀಟರ್ ಡೀಸೆಲ್ ಟಿಡಿಐ, ಅದು ಬರೀ ಮ್ಯಾನ್ಯುಯಲ್, ಐದು ಗೇರು. ಎರಡಕ್ಕೂ ಶಕ್ತಿ 105 ಪಿಎಸ್. ಹಿಂದಿನ ಬಾಗಿಲ ಮೇಲೆ ಎರಡಕ್ಕೂ ಅದೇ ಜಿಟಿ ಅಕ್ಷರ. ನನ್ನ ದುಡ್ಡಿಗೆ ಸಿಗುವ ವಯಸ್ಸಿನ ಜಿಟಿಗಳಲ್ಲಿ ಪೆಟ್ರೋಲೂ ಬೇಕು, ಗೇರೂ ಬೇಕು ಅನ್ನುವ ಹಾಗಿರಲಿಲ್ಲ.

ಮೊದಲು ನೋಡಿದ್ದು ಡೀಸೆಲ್ ಮ್ಯಾನ್ಯುಯಲ್, ಕುಣಿಗಲ್ ಕಡೆಯವರೊಬ್ಬರದು. ಜೊತೆಗೆ ಅಪ್ಪ, ನಮ್ಮ ಮೆಕ್ಯಾನಿಕ್ ಅಣ್ಣ. ಹಳೇ ಮ್ಯಾನ್ಯುಯಲ್ ಕಾರಿನ ಕ್ಲಚ್ ನೋಡುವ ಸುಲಭದ ದಾರಿ ಅಣ್ಣನೇ ತೋರಿಸಿದರು. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡಬೇಕು. ಎಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ ಅಂತ ಅರ್ಥ. ಆಫ್ ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಸವೆದು ಜಾರುತ್ತಿದೆ ಅಂತ ಅರ್ಥ. ಈ ಕಾರು ಗಪ್ಪನೆ ನಿಂತಿತು. ವರ್ಷದ ಹಿಂದೆ ಕ್ಲಚ್ ಸೆಟ್ ಬದಲಿಸಿದ ಬಿಲ್ಲೂ ಇತ್ತು.

ಓಡಿಸಿದೆ. ಆಹಾ! ಎರಡನೇ ಗೇರಿನಲ್ಲಿ ಟರ್ಬೊ ಎದ್ದಾಗ ಬೆನ್ನಿಗೆ ಯಾರೋ ಒದ್ದಂತೆ. ಟಾರ್ಕ್ 250 ಎನ್‌ಎಂ ಅಂದರೆ ಏನು ಅಂತ ಪುಸ್ತಕದಲ್ಲಿ ಓದಿದ್ದು ಆವತ್ತು ಸೊಂಟಕ್ಕೆ ಗೊತ್ತಾಯಿತು. ಗೇರ್ ರಾಡ್ ಟಕ್ ಅಂತ ಕೂರುತ್ತಿತ್ತು. ಅಲ್ಲೇ ಅಡ್ವಾನ್ಸ್ ಕೊಡೋಣ ಅನಿಸಿತು.

ವಾಪಸ್ ಬಂದು ನಿಲ್ಲಿಸಿದಾಗ ಅಪ್ಪ ಡ್ರೈವರ್ ಸೀಟಿಗೆ ಬಂದು ಕೂತ. ಎಂಜಿನ್ ಆಫ್ ಇತ್ತು. ಸುಮ್ಮನೆ ಕ್ಲಚ್ ಒತ್ತಿದ. ಇನ್ನೊಂದು ಸಲ ಒತ್ತಿದ. ಮೂರನೇ ಸಲಕ್ಕೆ ಮಂಡಿ ಮೇಲೆ ಕೈ ಇಟ್ಟುಕೊಂಡು ಇಳಿದುಬಿಟ್ಟ.

"ಚೆನ್ನಾಗೈತೆ ಕಣವ್ವ. ಇದನ್ನೇ ತಗೋ" ಅಂದ.

ನಾನು ಗಮನಿಸಿದೆ. ಗಮನಿಸಲಿಲ್ಲ ಅನ್ನುವ ಹಾಗೆ ಇದ್ದೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮೆಕ್ಯಾನಿಕ್ ಅಣ್ಣ ಮಾತ್ರ ಬಿಡಲಿಲ್ಲ. "ಒಂದನ್ನೇ ನೋಡಿ ದುಡ್ಡು ಕೊಡ್ಬೇಡ. ಬ್ರೋಕರ್ ಹತ್ರ ಇರೋ ಆಟೋಮ್ಯಾಟಿಕ್ಕನ್ನೂ ಓಡ್ಸಿ ನೋಡು, ಆಮೇಲೆ ಬೇಡ ಅನ್ನು."

ಹೋಗುವ ಮುಂಚೆ ನನಗೆ ಪಾಠ ಹೇಳಿದರು. ಆಟೋಮ್ಯಾಟಿಕ್ ಅಂದರೆ ಎಲ್ಲವೂ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎಎಂಟಿ ಒಳಗೆ ಇರೋದು ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮೋಟರ್ ಮಾಡುತ್ತದೆ. ಅಗ್ಗ, ಆದರೆ ಗೇರ್ ಬದಲಾಗುವಾಗ ತಲೆ ತೂಗುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಕ್ಲಚ್ ಜಾಗದಲ್ಲಿ ಎಣ್ಣೆ ಕೆಲಸ ಮಾಡುತ್ತದೆ. ಸಿವಿಟಿಯಲ್ಲಿ ಗೇರುಗಳ ಬದಲು ಬೆಲ್ಟು, ಪುಲ್ಲಿ. ಡಿಎಸ್‌ಜಿಯಲ್ಲಿ ಎರಡು ಕ್ಲಚ್. 1, 3, 5, 7 ಒಂದರ ಪಾಲು. 2, 4, 6 ಮತ್ತು ರಿವರ್ಸ್ ಇನ್ನೊಂದರ ಪಾಲು. ಒಂದು ಗೇರ್ ಓಡುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕೂತಿರುತ್ತದೆ. ಅದಕ್ಕೇ ಅಷ್ಟು ವೇಗ.

"ಆದ್ರೆ ಕೆಟ್ರೆ ಇಲ್ಲಿ ಕೈ ಹಾಕೋರು ಕಮ್ಮಿ" ಅಂದರು. ಈ ಏಳು ಗೇರಿನ ಡಿಎಸ್‌ಜಿ ತೊಂದರೆಗೆ 2013ರಲ್ಲಿ ಚೀನಾದಲ್ಲಿ ಕಂಪನಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಹಾಗಾಗಿ ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಬೇಕು. ಒಂದರಿಂದ ಎರಡಕ್ಕೆ ಹೋಗುವಾಗ ನಡುಗುತ್ತದಾ ನೋಡಬೇಕು. ಏರಿನಲ್ಲಿ ರಿವರ್ಸ್ ಹಾಕಿ ನೋಡಬೇಕು. ಕಂಪ್ಯೂಟರ್ ಹಾಕಿಸಿ ಎರರ್ ಓದಿಸಬೇಕು. ಸರ್ವೀಸ್ ಬಿಲ್ಲು ಒಂದೂ ಇಲ್ಲ ಅಂದರೆ ಎಷ್ಟೇ ಅಗ್ಗವಾದರೂ ಕೈ ಮುಗಿದು ಬರಬೇಕು.

ನಿಜ ಹೇಳುತ್ತೇನೆ, ಆ ಕಾರಿನಲ್ಲಿ ಏನಾದರೂ ದೋಷ ಇರಲಿ ಅಂತ ನಾನು ಬೇಡಿಕೊಂಡಿದ್ದೆ. ಒಂದೂ ಇರಲಿಲ್ಲ. 2015ರ ಗಾಡಿ, ಒಬ್ಬರೇ ಓನರ್, ಎಲ್ಲ ಬಿಲ್ಲೂ ಫೈಲಿನಲ್ಲಿ. ಎರಡರಲ್ಲಿ ಒಂದು ಕೆಟ್ಟಿದ್ದರೆ ನನ್ನ ತಲೆನೋವು ಅಲ್ಲೇ ತೀರುತ್ತಿತ್ತು.

ದೇವರಾಯನದುರ್ಗದ ಕಡೆ ಹೊರಟೆವು. ನಾಮದ ಚಿಲುಮೆ ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ನಾನು ನಿಲ್ಲಿಸಿ, "ಅಪ್ಪ, ನೀನ್ ಸ್ವಲ್ಪ ಓಡ್ಸು" ಅಂದೆ.

"ಬ್ಯಾಡ ಬಿಡವ್ವ" ಅಂದ. ಅನ್ನುತ್ತಲೇ ಬಾಗಿಲು ತೆಗೆದಿದ್ದ.

ಹತ್ತು ಮಾರು ಹೋಗಿರಬೇಕು, ಕಾರು ಧಡಕ್ಕನೆ ನಿಂತಿತು. ಮೂವರ ಹಣೆಯೂ ಮುಂದಕ್ಕೆ. ಎರಡನೇ ಗೇರ್ ಹಾಕುವ ಹೊತ್ತು ಬಂತು ಅಂತ ಅಪ್ಪನ ಎಡಗಾಲು ತಾನಾಗೇ ಕ್ಲಚ್ ಹುಡುಕಿತ್ತು. ಅಲ್ಲಿ ಕ್ಲಚ್ ಇಲ್ಲ. ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಪೆಡಲ್ ಅಗಲ. ಕ್ಲಚ್ ಒತ್ತುವ ಜೋರಿನಲ್ಲಿ ಬ್ರೇಕ್ ಒತ್ತಿದರೆ ಹಿಂದೆ ಬರುವ ಗಾಡಿ ಬಂದು ಗುದ್ದುವುದೇ. ಮ್ಯಾನ್ಯುಯಲ್‌ನಿಂದ ಆಟೋಮ್ಯಾಟಿಕ್‌ಗೆ ಬರುವವರೆಲ್ಲ ಇದನ್ನು ನೆನಪಿಡಿ. ಮೊದಲ ವಾರ ಖಾಲಿ ರಸ್ತೆಯಲ್ಲೇ ಓಡಿಸಿ. ಎಡಗಾಲನ್ನು ಸೀಟಿನ ಹತ್ತಿರಕ್ಕೆ ಎಳೆದುಕೊಂಡು ಮಡಚಿಡಿ. ಎರಡೂ ಪೆಡಲ್ ಬಲಗಾಲಿನ ಕೆಲಸ.

ಅಪ್ಪ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡ. ಮತ್ತೆ ಹೊರಟ. ಆಮೇಲೆ ಮಾತಿಲ್ಲ. ತಿರುವುಗಳಲ್ಲಿ ಸ್ಟೇರಿಂಗ್ ಮೇಲೆ ಆ ಕೈ ಓಡಾಡುವುದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಬೆಟ್ಟ ಹತ್ತಿ ನಿಲ್ಲಿಸಿ, ಮಂಡಿ ಮುಟ್ಟಿ ನೋಡಿಕೊಂಡು, "ನೋವೇ ಇಲ್ಲ ಕಣೆ" ಅಂದ. ಬೇರೆ ಯಾರದೋ ಕಾಲಿನ ಬಗ್ಗೆ ಹೇಳಿದ ಹಾಗಿತ್ತು.

ಆವತ್ತು ರಾತ್ರಿ ನನಗೆ ನಿದ್ದೆ ಇಲ್ಲ. ಮ್ಯಾನ್ಯುಯಲ್ ಪರವಾಗಿ ಎಷ್ಟೊಂದು ಮಾತಿದ್ದವು! ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಈ ಆಟೋಮ್ಯಾಟಿಕ್ ತಳ್ಳಿದರೆ ಸ್ಟಾರ್ಟ್ ಆಗಲ್ಲ, ಕೆಟ್ಟರೆ ಮುಂದಿನ ಚಕ್ರ ಎತ್ತಿಯೇ ಸಾಗಿಸಬೇಕು. ಕ್ಲಚ್ ಸೆಟ್ಟನ್ನು ಗುಬ್ಬಿಯಲ್ಲೂ ಹಾಕುತ್ತಾರೆ, ಡಿಎಸ್‌ಜಿಗೆ ಬೆಂಗಳೂರಿಗೇ ಓಡಬೇಕು. ಇವೆಲ್ಲ ನಿಜವಾದ ಕಾರಣಗಳು. ಆದರೆ ನನ್ನ ಕಾರಣ ಇವಲ್ಲ. ನನಗಿದ್ದದ್ದು ಬ್ರೋಕರ್‌ಗೆ ಉತ್ತರ ಕೊಡುವ ಚಟ.

ವೇಗದ ವಾದವೂ ನಿಲ್ಲುವುದಿಲ್ಲ. ಪೋರ್ಷೆ 2013ರಲ್ಲಿ ತನ್ನ 911 ಜಿಟಿ3 ಕಾರನ್ನು ಬರೀ ಆಟೋಮ್ಯಾಟಿಕ್‌ನಲ್ಲೇ ತಂದಿತು, ರೇಸ್ ಟ್ರ್ಯಾಕಿನಲ್ಲಿ ಅದೇ ವೇಗ ಅಂತ. 2017ರಲ್ಲಿ ಮ್ಯಾನ್ಯುಯಲ್ ಮತ್ತೆ ಕೊಟ್ಟಿತು. ವೇಗ ಕಮ್ಮಿಯಾದರೂ ಪರವಾಗಿಲ್ಲ, ಗೇರ್ ಹಾಕುವ ಸುಖ ಬೇಕು ಅನ್ನುವವರು ಅಷ್ಟಿದ್ದರು. ಇದನ್ನು ಅಪ್ಪನಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಗೇರ್ ಹಾಕಕ್ಕೆ ಅವ್ರೇ ದುಡ್ಡು ಕೊಡ್ತಾರಾ? ನಂಗೆ ಅದಕ್ಕೆ ಸಂಬ್ಳ ಕೊಡ್ತಿದ್ರು!"

ನನಗೆ ಆಟವಾಗಿದ್ದು ಅಪ್ಪನಿಗೆ 31 ವರ್ಷದ ಕೂಲಿ. ಅದು ಹೊಳೆದ ಮೇಲೂ ಮನಸ್ಸು ಪೂರ್ತಿ ತಿರುಗಿರಲಿಲ್ಲ. ತಿರುಗಿಸಿದ್ದು ಅಮ್ಮ. ಬೆಳಿಗ್ಗೆ ಮುದ್ದೆ ತಿರುವುತ್ತಾ ಒಂದೇ ಪ್ರಶ್ನೆ ಕೇಳಿದಳು. "ರಾತ್ರಿ ಹೊತ್ತು ನಿಂಗೇ ಹುಷಾರು ತಪ್ಪಿದ್ರೆ, ಆ ಕುಣಿಗಲ್ ಗಾಡೀಲಿ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರ್ಯಾರು?"

ಆಟೋಮ್ಯಾಟಿಕ್ ತಗೊಂಡೆ. ಚೌಕಾಸಿ ಮಾಡಿ 4.80 ಲಕ್ಷಕ್ಕೆ ಮುಗಿಸಿ, ಉಳಿದ 70 ಸಾವಿರವನ್ನು ಗೇರ್ ಬಾಕ್ಸ್ ಹೆಸರಿನಲ್ಲೇ ಎತ್ತಿಟ್ಟಿದ್ದೇನೆ. ಹಳೇ ಡಿಎಸ್‌ಜಿ ತಗೊಳ್ಳುವವರು ಕೈಯಲ್ಲಿದ್ದದ್ದನ್ನೆಲ್ಲ ಕಾರಿಗೇ ಸುರಿಯಬೇಡಿ. ಬ್ರೋಕರ್ ಕೀ ಕೊಡುವಾಗ "ನಾನ್ ಹೇಳ್ಲಿಲ್ವಾ ಮೇಡಂ" ಅಂತ ನಕ್ಕರು. ನಾನೂ ನಕ್ಕೆ. ಒಳಗೆ ಉರಿಯಿತು. ಇದು ಲೇಡೀಸ್‌ಗಲ್ಲ, ಲಾರಿ ಡ್ರೈವರ್‌ಗೆ ಅಂತ ಹೇಳಬೇಕೆನಿಸಿತು. ಹೇಳಲಿಲ್ಲ.

ನಿಮಗೂ ಆಟೋಮ್ಯಾಟಿಕ್ಕೇ ತಗೊಳ್ಳಿ ಅಂತ ನಾನು ಹೇಳುತ್ತಿಲ್ಲ. ಒಬ್ಬರೇ ಓಡಿಸುವವರು, ದೂರದ ಹಳ್ಳಿಯಲ್ಲಿರುವವರು, ಹತ್ತಿರದಲ್ಲಿ ಒಳ್ಳೆ ಮೆಕ್ಯಾನಿಕ್ ಇಲ್ಲದವರು ಮ್ಯಾನ್ಯುಯಲ್ ತಗೊಂಡರೆ ಅದೇ ಬುದ್ಧಿವಂತಿಕೆ. ಗಾಡಿ ನೋಡಲು ಹೋಗುವ ಮುಂಚೆ ಮನೆಯಲ್ಲಿ ಒಂದು ಲೆಕ್ಕ ಹಾಕಿ. ಇದನ್ನು ಯಾರ್ಯಾರು ಓಡಿಸಬೇಕು, ಅವರ ಕಾಲು ಹೇಗಿದೆ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು. ನೋಡುವವರು ಏನಂತಾರೆ ಅನ್ನೋದನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಆ ಡೀಸೆಲ್ ಜಿಟಿ ನೆನಪಾದರೆ ಈಗಲೂ ಎಡಗಾಲು ತುರಿಸುತ್ತದೆ. ಸುಳ್ಳು ಹೇಳಲಾರೆ.

ಹೋದ ಭಾನುವಾರ ಮತ್ತೆ ದೇವರಾಯನದುರ್ಗಕ್ಕೆ ಹೋಗಿದ್ದೆವು. ಇಳಿಯುವಾಗ ನಾನು ಓಡಿಸುತ್ತಿದ್ದೆ, ಬ್ರೇಕ್ ಮೇಲೆ ಬ್ರೇಕ್. ಅಪ್ಪ ಸುಮ್ಮನೆ ನೋಡಿದ, ಆಮೇಲೆ ತಾನೇ ಕೈ ಚಾಚಿ ರಾಡನ್ನು ಮ್ಯಾನ್ಯುಯಲ್ ಕಡೆಗೆ ಸರಿಸಿ, ಎರಡು ಸಲ ಹಿಂದಕ್ಕೆ ಎಳೆದ. ಗೇರ್ ಇಳಿಯಿತು, ಎಂಜಿನ್ ಗುಂಯ್ ಅಂದು ಕಾರನ್ನು ಹಿಡಿದುಕೊಂಡಿತು.

"ಆಟೋಮ್ಯಾಟಿಕ್ ಆದ್ರೇನು, ಇಳಿಜಾರು ಇಳಿಜಾರೇ" ಅಂದ. "ಹತ್ತೋ ಗೇರಲ್ಲೇ ಇಳೀಬೇಕು. ಬ್ರೇಕ್ ಬಿಡು."

ಬಿಟ್ಟೆ.