ಹೊಳೆ ದಾಟಿ ಒಂದು ಊಟ

ಊಟವೆಂದರೆ ನಮ್ಮ ಕಡೆ ಪಂಕ್ತಿ. ಮದುವೆಯಿರಲಿ, ಬೊಜ್ಜವಿರಲಿ, ದೇವಸ್ಥಾನದ ಸಂತರ್ಪಣೆಯಿರಲಿ, ಹತ್ತು ಜನರ ನಡುವೆ ಕುಳಿತು, ಎಡಗಡೆಯವನ ಮೊಣಕೈ ನಮ್ಮ ಎಲೆಗೆ ತಾಗದಂತೆ ನೋಡಿಕೊಂಡು, ಬಡಿಸುವವನ ಕಾಲುಗಳನ್ನೇ ಗಮನಿಸುತ್ತ ಉಣ್ಣುವುದು ನಮಗೆ ಗೊತ್ತಿರುವ ಕ್ರಮ. ಮಲಯಾಳದವರ ಸದ್ಯವೂ ಹೀಗೆಯೇ. ನಾವು ಊಟ ಎನ್ನುತ್ತೇವೆ, ಅವರು ಊಣ್ ಎನ್ನುತ್ತಾರೆ, ತುಳುವರು ಒಣಸ್ ಎನ್ನುತ್ತಾರೆ. ಮಾತಿನಲ್ಲಿರುವಷ್ಟೇ ನಂಟಸ್ತಿಕೆ ಎಲೆಯ ಮುಂದೆ ಕುಳಿತುಕೊಳ್ಳುವುದರಲ್ಲೂ ಉಂಟು. ಎದುರು ಪಂಕ್ತಿಯವರು ಇರುತ್ತಾರೆ ನಿಜ, ಆದರೆ ನಡುವೆ ಸಾಂಬಾರಿನ ಬಾಲ್ದಿ ಓಡಾಡುತ್ತಿರುವುದರಿಂದ ಅವರ ಮುಖ ನೋಡುವ ಪುರುಸೊತ್ತು ಯಾರಿಗೂ ಇಲ್ಲ.

ಇನ್ನು ಗಂಡ ಹೆಂಡತಿ ಇಬ್ಬರೇ ಕುಳಿತು ಉಣ್ಣುವ ಪ್ರಶ್ನೆ. ಬಯಲುಸೀಮೆಯ ಮದುವೆಗಳಲ್ಲಿ ಭೂಮದೂಟವೆಂಬ ಶಾಸ್ತ್ರ ಉಂಟಷ್ಟೆ. ನೆಂಟರಿಷ್ಟರೆಲ್ಲ ಸುತ್ತ ನಿಂತು ನಗುತ್ತಿರುವಾಗ ಮದುಮಕ್ಕಳು ನಾಚಿಕೊಂಡು ಒಟ್ಟಿಗೆ ಉಣ್ಣುವುದು. ಅದು ಒಂದು ದಿನದ ಸಂಭ್ರಮ. ಮರುದಿನದಿಂದ ಅವನದ್ದು ಚಾವಡಿ, ಅವಳದ್ದು ಅಡುಗೆಮನೆ. ನಮ್ಮ ಮನೆಯಲ್ಲಿಯೂ ಮೊದಲು ಗಂಡಸರಿಗೆ, ಮತ್ತೆ ಮಕ್ಕಳಿಗೆ, ಕೊನೆಗೆ ಹೆಂಗಸರಿಗೆ ಎಂಬ ಕ್ರಮವೇ ನಡೆದು ಬಂದಿತ್ತು. ನನ್ನ ತಾಯಿ ಹಾಗೆ ಮಾಡಿದ್ದಳು, ಅವಳ ಅತ್ತೆಯೂ ಹಾಗೆಯೇ ಮಾಡಿದ್ದಳು. ಮುಂದೆ ಮನೆಯಲ್ಲಿ ನಾವಿಬ್ಬರೇ ಉಳಿದಾಗಲೂ ‘ನೀವು ಉಂಡು ಏಳಿ, ನನಗೆ ಸ್ವಲ್ಪ ಕೆಲಸ ಉಂಟು’ ಎಂಬ ಮಾತು ಬಾಗಿಲಿನ ಆಚೆಯಿಂದ ಬರುತ್ತಲೇ ಇತ್ತು. ಆ ಕೆಲಸ ಎಂತದೆಂದು ಇಂದಿಗೂ ತಿಳಿದಿಲ್ಲ.

ಹಾಗಾಗಿ ‘ಕ್ಯಾಂಡಲ್ ಲೈಟ್ ಡಿನ್ನರ್’ ಎಂಬುದಕ್ಕೆ ಕನ್ನಡದಲ್ಲಿ ಮಾತು ಹುಡುಕಿದರೆ ಸಿಗುವುದಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು, ಪ್ರಯತ್ನ ಮಾಡಿ ನೋಡಿದೆ. ‘ದೀಪದ ಬೆಳಕಿನ ಭೋಜನ’ ಎಂದರೆ ಕರೆಂಟು ಹೋದ ರಾತ್ರಿಯ ಗಂಜಿ ಎಂದೇ ನಮ್ಮವರಿಗೆ ಅರ್ಥವಾದೀತು.

ಈ ಶಬ್ದಶೋಧಕ್ಕೆ ಕಾರಣ ಬೆಂಗಳೂರಿನಲ್ಲಿರುವ ಮಗಳು. ನಮ್ಮ ಮದುವೆಯಾದದ್ದು 1984ರಲ್ಲಿ, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷ. 2024ಕ್ಕೆ ನಾಲ್ವತ್ತು ತುಂಬಿತು. ಚಂದ್ರಗಿರಿ ಹೊಳೆಯ ತೆಂಕು ದಂಡೆಯ ಒಂದು ಹೋಟೆಲಿನಲ್ಲಿ, ನೀರಿಗೆ ತೀರ ಹತ್ತಿರವಾಗಿ, ಇಬ್ಬರಿಗೆ ಮಾತ್ರ ಒಂದು ಮೇಜನ್ನು ಅವಳು ಅಲ್ಲಿಂದಲೇ ಫೋನಿನಲ್ಲಿ ಗೊತ್ತುಮಾಡಿ, ಹಣವನ್ನೂ ಕಳಿಸಿಬಿಟ್ಟಿದ್ದಳು. ಹಣ ಕೊಟ್ಟಾಗಿದೆ ಎಂದ ಮೇಲೆ ನನ್ನ ಹೆಂಡತಿ ಹೋಗದೆ ಇರುವವಳಲ್ಲ.

ಆದರೆ ಉಡುಗೊರೆಯ ಬಾಲದಲ್ಲಿ ಒಂದು ಗಂಟು ಇತ್ತು. ಮಗಳು ಅಲ್ಲಿ ಒಂದು ಕೋಣೆ ಹೆಚ್ಚಿರುವ ಮನೆ ಕೊಂಡಿದ್ದಾಳೆ. ತೋಟ, ಮನೆ ಎಲ್ಲ ಯಾರಿಗಾದರೂ ವಹಿಸಿ ನೀವಿಬ್ಬರೂ ಇಲ್ಲಿಗೇ ಬನ್ನಿ ಎಂದು ಮೂರು ದೀಪಾವಳಿಗಳಿಂದ ಹೇಳುತ್ತಿದ್ದಾಳೆ. ನನ್ನನ್ನು ಕೇಳಿದರೆ ನಾನು ‘ಅಮ್ಮನನ್ನು ಕೇಳು’ ಎನ್ನುವುದು, ಅಮ್ಮನನ್ನು ಕೇಳಿದರೆ ಅವಳು ‘ಅಪ್ಪನನ್ನು ಕೇಳು’ ಎನ್ನುವುದು. ‘ಈ ಸಲ ಅಲ್ಲಿ ಎದುರುಬದುರು ಕೂತು ಒಂದು ತೀರ್ಮಾನ ಮಾಡಿ ಬನ್ನಿ’ ಎಂದಳು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇದೇ ಪ್ರಶ್ನೆ. ಮಕ್ಕಳು ಮಂಗಳೂರು, ಬೆಂಗಳೂರು, ಅದರಾಚೆ. ಹಿರಿಯರು ಅಡಿಕೆ ತೋಟದ ನಡುವೆ ಎರಡು ಲೋಟ ಚಹಾ ಮಾಡಿಕೊಂಡು ಇರುವವರು.

ಇಲ್ಲಿ ಹೊಳೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಆಗದು. ಚಂದ್ರಗಿರಿ ಎಂದರೆ ನನಗೆ ಮೊದಲು ನೀರಲ್ಲ, ಭಾಷಣ. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ವರದಿ ಕೊಟ್ಟಿತು. ಆಮೇಲೆ ನಾವು ಹುಡುಗರು ಕೇಳಿದ ಎಲ್ಲ ಸಭೆಗಳಲ್ಲಿಯೂ ‘ಚಂದ್ರಗಿರಿಯ ಉತ್ತರಕ್ಕೆ’ ಎಂಬ ಪಲ್ಲವಿ ಇದ್ದೇ ಇರುತ್ತಿತ್ತು. ಆ ವರದಿ ಜಾರಿಯಾಗಿರುತ್ತಿದ್ದರೆ ಕುಂಬಳೆ ಸೀಮೆಯ ನಾನು ಕರ್ನಾಟಕದವನು, ಹೊಸದುರ್ಗದ ನನ್ನ ಹೆಂಡತಿ ಕೇರಳದವಳು. ನಮ್ಮ ಮದುವೆಯೂ ಈ ಊಟವೂ ಅಂತರರಾಜ್ಯ ವ್ಯವಹಾರಗಳಾಗುತ್ತಿದ್ದವು!

ಅವಳ ತವರಿನವರು ಕೋಟೆಯವರು. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಬೇಕಲ, ಚಂದ್ರಗಿರಿ ಮೊದಲಾದ ಕೋಟೆಗಳನ್ನು ಕಟ್ಟಿಸಿದಾಗ ಕಾವಲಿಗೆಂದು ಬಂದು ನಿಂತ ಕನ್ನಡಿಗರ ಪೀಳಿಗೆ. ಹೊಳೆಯ ತೆಂಕಣದಲ್ಲಿದ್ದುಕೊಂಡೇ, ಬೀದಿಯಲ್ಲಿ ಮಲಯಾಳ ಆಡುತ್ತ, ಮನೆಯೊಳಗೆ ಕನ್ನಡ ಉಳಿಸಿಕೊಂಡು ಬಂದವರು. ಯಾವ ಪಲ್ಲವಿಯಲ್ಲಿಯೂ ಅವರ ಹೆಸರಿರಲಿಲ್ಲ. ಮಣಿರತ್ನಂ ಅವರ ‘ಬಾಂಬೆ’ ಚಿತ್ರ 1995ರಲ್ಲಿ ತೆರೆಗೆ ಬಂದು, ಬೇಕಲ ಕೋಟೆಯಲ್ಲಿ ತೆಗೆದ ಹಾಡಿನಿಂದ ಆ ಕೋಟೆ ಪ್ರಣಯದ ಜಾಗವೆಂದು ಹೆಸರಾದಾಗ ಇವಳು ನಕ್ಕಿದ್ದಳು: ‘ನಮ್ಮ ಅಜ್ಜಂದಿರು ಅಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಕಾವಲು ನಿಂತದ್ದು. ಪ್ರಣಯಕ್ಕೆ ಅವರಿಗೆ ಎಲ್ಲಿ ಪುರುಸೊತ್ತು?’

ಸಂಜೆ ಆರೂವರೆಗೆ ಹೋಗಿ ಕುಳಿತೆವು. ಉಬ್ಬರದ ಹೊತ್ತು, ಅಳಿವೆಯ ಕಡೆಯಿಂದ ಉಪ್ಪುನೀರು ಏರಿ ಬರುತ್ತಿತ್ತು. ಹಿಂದೆ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ ಕತ್ತಲೆಯಲ್ಲಿ ಕತ್ತಲೆಯಾಗಿತ್ತು. ಮೇಜಿನ ಮೇಲೆ ಹಚ್ಚಿಟ್ಟ ಮೇಣದಬತ್ತಿ ಕಡಲಗಾಳಿಗೆ ಎರಡು ನಿಮಿಷ ನಿಲ್ಲಲಿಲ್ಲ. ಬಡಿಸುವ ಹುಡುಗ ಮೂರು ಸಲ ಹಚ್ಚಿ, ಕೊನೆಗೆ ಬ್ಯಾಟರಿಯ ದೀಪ ತಂದಿಟ್ಟ. ತಿನಿಸಿನ ಪಟ್ಟಿ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ಇತ್ತು. ಅರ್ಜಿ ಫಾರಂ ಕನ್ನಡದಲ್ಲಿ ಬೇಕೆಂದು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಅಭ್ಯಾಸಬಲದಿಂದ ನಾನು ಅದರ ಹಿಂಬದಿಯನ್ನೂ ತಿರುವಿ ನೋಡಿದೆ. ಅಲ್ಲಿ ಐಸ್‌ಕ್ರೀಮಿನ ಚಿತ್ರವಿತ್ತು. ನನ್ನ ಹೆಂಡತಿ ಹೊಸದುರ್ಗದ ಪೇಟೆಯ ಮಲಯಾಳದಲ್ಲಿ ವಿಚಾರಿಸತೊಡಗಿದಳು. ಹುಡುಗ ಬೆಪ್ಪಾಗಿ ನಿಂತ. ಅವನು ಅಸ್ಸಾಮಿನವನು, ಬಂದು ಮೂರು ತಿಂಗಳಾಗಿತ್ತಷ್ಟೆ. ಕೊನೆಗೆ 1987-88ರಲ್ಲಿ ದೂರದರ್ಶನದ ‘ರಾಮಾಯಣ’ ನೋಡಿ ಅವಳು ಕಲಿತ ಹಿಂದಿ ಉಪಯೋಗಕ್ಕೆ ಬಂತು. ಹೊಳೆಯ ಎರಡು ದಂಡೆಯವರು ಅರ್ಧ ಶತಮಾನ ಭಾಷೆಯ ಲೆಕ್ಕಾಚಾರ ಮಾಡಿದ ಊರಿನಲ್ಲಿ ಮೀನು ಬಂದದ್ದು ಶ್ರೀರಾಮನ ಹಿಂದಿಯಿಂದ.

ಬಂದದ್ದು ಕರಿಮೀನ್ ಪೊಳ್ಳಿಚ್ಚದು. ಮೀನಿಗೆ ಮಸಾಲೆ ಹಚ್ಚಿ, ಸಣ್ಣ ನೀರುಳ್ಳಿಯ ಗೊಜ್ಜು ಮೆತ್ತಿ, ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ ಬೇಯಿಸುವುದು. ಹೆಂಡತಿ ಎಲೆ ಬಿಡಿಸಿ, ಮೂಸಿ, ‘ಮೆಣಸು ಹೆಚ್ಚು, ಹುಳಿ ಸಾಲದು, ಆದರೂ ಅಡ್ಡಿಯಿಲ್ಲ’ ಎಂದು ತೀರ್ಪು ಕೊಟ್ಟಳು. 2010ರಲ್ಲಿ ಕೇರಳ ಸರಕಾರ ರಾಜ್ಯದ ಮೀನೆಂದು ಘೋಷಿಸಿದ್ದು ಇದನ್ನೇ. ಸಿಹಿನೀರೂ ಉಪ್ಪುನೀರೂ ಕೂಡುವ ಇಂಥ ಜಾಗ ಅದಕ್ಕೆ ಪ್ರೀತಿ. ಗಂಡು ಹೆಣ್ಣು ಜೋಡಿಯಾಗಿ ಮೊಟ್ಟೆಗೆ ಕಾವಲಿದ್ದು, ಮರಿಗಳು ತಾವಾಗಿ ಈಜಿ ಹೋಗುವ ತನಕ ಎರಡೂ ಬಿಟ್ಟು ಕದಲುವುದಿಲ್ಲ ಎಂಬುದನ್ನು ನಾನು ಅವಳಿಗೆ ಹೇಳಿದೆ. ಮೇಷ್ಟ್ರ ಬುದ್ಧಿ, ಊಟದ ನಡುವೆಯೂ ಪಾಠ.

‘ಮರಿ ಹೋದ ಮೇಲೆ?’ ಎಂದು ಕೇಳಿದಳು.

ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಪಕ್ಕದ ಮೇಜಿನಲ್ಲಿ ಹೊಸದಾಗಿ ಮದುವೆಯಾದವರಂತೆ ಕಾಣುವ ಒಂದು ಜೋಡಿ. ಹುಡುಗ ಮೀನಿನ ಮುಳ್ಳು ಬಿಡಿಸಿ ಹುಡುಗಿಯ ತಟ್ಟೆಗೆ ಹಾಕುತ್ತಿದ್ದ. ಇವಳು ಅದನ್ನು ಓರೆಗಣ್ಣಿನಿಂದ ನೋಡುತ್ತ ತನ್ನ ಮೀನಿನ ಮುಳ್ಳನ್ನು ನನಗಿಂತ ಚೊಕ್ಕವಾಗಿ ಬಿಡಿಸಿಕೊಂಡಳು. ರೈಲು ಸೇತುವೆಯ ಮೇಲೆ ಒಂದು ಗಾಡಿ ಹೋಯಿತು. ಕಿಟಕಿಗಳ ಬೆಳಕು ನೀರಿನ ಮೇಲೆ ಸಾಲಾಗಿ ಓಡಿತು. ಅವಳು ಕೈ ನಿಲ್ಲಿಸಿ ನೋಡಿದಳು. ಅವಳ ಬಲಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ, ಅದು ಬ್ಯಾಟರಿ ದೀಪಕ್ಕೆ ಚೆನ್ನಾಗಿ ಕಾಣುತ್ತಿತ್ತು. ಬಾಗಿಲಿನ ಆಚೆಯಿಂದ ಮಾತು ಮಾತ್ರ ಬರುತ್ತದೆ, ಮಚ್ಚೆ ಬರುವುದಿಲ್ಲ.

‘ಬೆಂಗಳೂರಿನ ವಿಷಯ ಎಂತ ಮಾಡುವುದು?’ ಎಂದೆ.

‘ನಿಮಗೆ ಹೋಗಬೇಕು ಅಂತ ಉಂಟಾ?’

‘ನಿನಗೆ ಉಂಟಾ ಅಂತ ನಾನು ಕೇಳುವುದು.’

ಇದೇ ಮಾತು ಮನೆಯಲ್ಲಾಗಿದ್ದರೆ ಇಷ್ಟಕ್ಕೇ ಒಂದು ಪಾತ್ರೆಯ ಸದ್ದಾಗಿ ಮುಗಿಯುತ್ತಿತ್ತು. ಇಲ್ಲಿ ಎದ್ದು ಹೋಗುವುದಕ್ಕೆ ಒಳಗಿನ ಕೋಣೆ ಇಲ್ಲ, ಒಲೆಯ ಮೇಲೆ ಹಾಲೂ ಇಲ್ಲ. ಅವಳು ಲೋಟದ ನೀರು ಪೂರ್ತಿ ಕುಡಿದಳು.

‘ಇಪ್ಪತ್ತಮೂರು ವರ್ಷಕ್ಕೆ ಈ ಹೊಳೆ ದಾಟಿ ನಿಮ್ಮಲ್ಲಿಗೆ ಬಂದೆ. ಕೋಟೆಯವರ ಕನ್ನಡ ಅಂತ ನಿಮ್ಮ ಅಕ್ಕಂದಿರು ನಗಾಡುತ್ತಿದ್ದರು. ಅಲ್ಲಿಯ ನೀರು ಸೇರುವುದಕ್ಕೆ ನನಗೆ ಹತ್ತು ವರ್ಷ ಬೇಕಾಯಿತು. ಇನ್ನೊಮ್ಮೆ ಅಷ್ಟೆಲ್ಲ ನನ್ನಿಂದ ಆಗದು. ನಿಮಗೆ ಬೇಕಾದರೆ ಹೋಗಿ ಬನ್ನಿ. ದನಕ್ಕೆ, ಬಾವಿಗೆ ನಾನು ಇದ್ದೇನೆ.’

ಬೇಸರದ ಮಾತಲ್ಲ ಅದು. ಮುಖ ನೋಡುತ್ತಿದ್ದುದರಿಂದ ನನಗೆ ಅಷ್ಟು ಗೊತ್ತಾಯಿತು. ಅಕ್ಕಿ ಎಷ್ಟು ಸೇರು ಬೇಕೆಂದು ಹೇಳುವಾಗಿನ ಮುಖವೇ ಅದು, ಲೆಕ್ಕ ಮಾಡಿ ಆಗಿತ್ತು. ಮೂರು ದೀಪಾವಳಿಯಿಂದಲೂ ಆಗಿದ್ದಿರಬೇಕು.

‘ನಾನು ಒಬ್ಬನೇ ಅಲ್ಲಿ ಹೋಗಿ ಎಂತ ಮಾಡಲಿ?’ ಎಂದೆ.

‘ಅದು ನನಗೆ ಗೊತ್ತುಂಟು’ ಎಂದಳು, ಅಸ್ಸಾಮಿನ ಹುಡುಗನನ್ನು ಕೈಸನ್ನೆ ಮಾಡಿ ಕರೆದು, ಒಂದು ಪಾಯಸ, ಎರಡು ಚಮಚ ಎಂದು ಹೇಳಿದಳು. ಎರಡು ಪಾಯಸಕ್ಕೆ ಮಗಳು ಹಣ ಕೊಟ್ಟಿದ್ದಾಳೆಂದು ಅವನು ಬಿಲ್ಲು ತೋರಿಸಿದ. ಹಾಗಾದರೆ ಇನ್ನೊಂದನ್ನು ಕಟ್ಟಿಕೊಡು, ಬೆಳಿಗ್ಗೆಗೆ ಆಯಿತು ಎಂದಳು.

ಹೊರಡುವ ಹೊತ್ತಿಗೆ ಫೋನು ಬಂತು. ಮಾತನಾಡಲು ನನಗೆ ಕೊಡದೆ ಅವಳೇ ಕಿವಿಗೆ ಹಿಡಿದಳು. ‘ಹೌದು ಮಗಾ, ಆಯಿತು, ಹೊಟ್ಟೆ ತುಂಬ’ ಎಂದಳು. ಮಗಳು ಬೇರೆ ಏನೋ ಕೇಳಿರಬೇಕು. ಇವಳು ನನ್ನ ಕಡೆ ಒಮ್ಮೆ ನೋಡಿ, ‘ತೀರ್ಮಾನವಾ? ಮೀನು ಒಳ್ಳೇದಿತ್ತು, ಹುಳಿ ಮಾತ್ರ ಸಾಲದು. ರಜೆಯಲ್ಲಿ ನೀವೇ ಬನ್ನಿ, ನಾನು ಮಾಡಿ ಹಾಕುತ್ತೇನೆ’ ಎಂದು ಫೋನು ಇಟ್ಟಳು.